ಕ್ಯಾಮೆರಾ ನೋಡಲು ಬಂದವರು

ಕೋದಂಡರಾಮಪ್ಪನವರು ಕ್ಯಾಮೆರಾವನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದರು, ಮಗುಚಿ ಹಾಕಿ ತಳ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಯಲ್ದೂರಿನಲ್ಲಿ ಯಾರಾದರೂ ಹಸು ಕೊಳ್ಳಲಿ, ಪಂಪ್‌ಸೆಟ್ ಕೊಳ್ಳಲಿ, ಇವರನ್ನು ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಅಂಥವರು ಸ್ವಂತ ಮಗಳಿಗೆ ಕೊಳ್ಳುವಾಗ ಸುಮ್ಮನೆ ಬಿಟ್ಟಾರೆಯೇ?

"ಎಷ್ಟ್ ವರ್ಸ ಆಯ್ತಪ್ಪಾ ಇದುಕ್ಕೆ?"

"ಒಂಬತ್ತು ವರ್ಷ ಯಜಮಾನ್ರೇ," ಎಂದ ಅದನ್ನು ಮಾರಲು ತಂದಿದ್ದ ಫೋಟೋಗ್ರಾಫರ್ ಶಿವಶಂಕರ್. "ಒಂದ್ಸಲಾನೂ ರಿಪೇರಿಗೆ ಹೋಗಿಲ್ಲ."

"ಒಂಬತ್ತು ವರ್ಸ ದುಡ್ದು ಒಂದ್ಸಲಾನೂ ಕಾಯಿಲೆ ಬಿದ್ದಿಲ್ಲ ಅಂದ್ರೆ, ಒಂದೋ ಇದು ಗಟ್ಟಿ, ಇಲ್ಲಾ ನೀನು ದುಡಿಸೇ ಇಲ್ಲ."

ಅಂಗಡಿಯ ನರೇಶ್ ಜೋರಾಗಿ ನಕ್ಕ. ವ್ಯಾಪಾರ ಕುದುರುವ ಹೊತ್ತಿನಲ್ಲಿ ಗಿರಾಕಿಯ ಮಾತಿಗೆ ನಗುವುದು ಅವನ ಕಸುಬಿನ ಭಾಗ. ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಆ ಅಂಗಡಿಗೆ ಶಿವಶಂಕರ್ ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದ. ಅವನ ಕಣ್ಣು ಮಾತ್ರ ಕೋದಂಡರಾಮಪ್ಪನವರ ಮೇಲಿರಲಿಲ್ಲ. ಗಾಜಿನ ಮೇಜಿನ ಮೇಲೆ ಸೀಲು ಒಡೆಯದೆ ಕೂತಿದ್ದ ಹೊಸ ಮಿರರ್‌ಲೆಸ್ ಕ್ಯಾಮೆರಾದ ಡಬ್ಬಿಯ ಮೇಲಿತ್ತು.

ಆ ಡಬ್ಬಿ ಅವನ ಕೈಸೇರಬೇಕಾದರೆ ಹಳೆಯದು ಇವತ್ತು ಈ ಯಲ್ದೂರಿನವರ ಕೈಸೇರಬೇಕಿತ್ತು. ಹಳೇ ಮಾಡೆಲ್ ಕ್ಯಾಮೆರಾಗಳನ್ನು ನರೇಶ್ ಈಗ ಎಕ್ಸ್‌ಚೇಂಜಿಗೆ ತೆಗೆದುಕೊಳ್ಳುತ್ತಿರಲಿಲ್ಲ. "ನಾನ್ ಇಟ್ಕೊಂಡು ಧೂಳ್ ಒರೆಸ್ಲಾ ಅಣ್ಣಾ? ತಗೊಳ್ಳೋ ಪಾರ್ಟಿ ಸಿಕ್ರೆ ಹೇಳ್ತೀನಿ, ಬಂದ ದುಡ್ಡನ್ನ ಹೊಸದ್ರ ರೇಟಲ್ಲಿ ಮುರ್ಕೋತೀನಿ," ಎಂದಿದ್ದ. ಪಾರ್ಟಿ ಸಿಗಲು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಮಾಲೂರಿನ ಇಟ್ಟಿಗೆ ಫ್ಯಾಕ್ಟರಿಯ ಕಾಂತರಾಜ್ ಮಗಳ ಮದುವೆ ಹತ್ತಿರ ಬಂದಿತ್ತು. ಮದುಮಗಳು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಳು: "ಮಿರರ್‌ಲೆಸ್ ಇದ್ರೆ ಬನ್ನಿ ಅಂಕಲ್, ಇಲ್ದಿದ್ರೆ ಬೆಂಗ್ಳೂರಿನವ್ರು ರೆಡಿ ಇದಾರೆ." ಎರಡು ವರ್ಷದಿಂದ ದೊಡ್ಡ ಮದುವೆಗಳೆಲ್ಲ ಒಂದೊಂದಾಗಿ ಬೆಂಗಳೂರಿನವರ ಪಾಲಾಗಿದ್ದವು. ಇದೂ ಹೋದರೆ ಮುಂದೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜು ತೆಗೆದುಕೊಂಡು ಕೂರುವುದೇ ಗತಿ ಎಂದು ಶಿವಶಂಕರನಿಗೆ ಚೆನ್ನಾಗಿ ಗೊತ್ತಿತ್ತು.

"ನೀನ್ ನೋಡಮ್ಮಾ," ಎಂದು ಕೋದಂಡರಾಮಪ್ಪನವರು ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟರು.

ಮೇಘನ ಅದರ ಬೆಲ್ಟನ್ನು ಕತ್ತಿಗೆ ಹಾಕಿಕೊಂಡಳು. ಇಲ್ಲಿಯವರೆಗೆ ಫೋನಿನಲ್ಲೇ ಫೋಟೋ ತೆಗೆದು ಊರಿನಲ್ಲಿ ಹೆಸರು ಮಾಡಿದವಳು. "ನಮ್ ಕಡೆ ಹುಡ್ಗೀರು ದೊಡ್ಡೋರಾದಾಗ ಮಾಡೋ ಆರತಿ ಕಾರ್ಯ, ಸೀಮಂತಕ್ಕೆಲ್ಲಾ ಗಂಡಸ್ರು ಕ್ಯಾಮೆರಾ ಹಿಡ್ಕೊಂಡು ಒಳಗ್ ಬಂದ್ರೆ ಹೆಣ್ಮಕ್ಳಿಗೆ ಒಂಥರಾ ಮುಜುಗರ ಸರ್. ನನ್ನೇ ಕರೀತಾರೆ," ಎಂದಳು. "ಶುಕ್ರವಾರ ನಮ್ ರಂಜಿತಕ್ಕನ ಸೀಮಂತ. ಅದೇ ಇದ್ರಲ್ಲಿ ನಂದು ಮೊದಲ್ನೇ ಕೆಲ್ಸ."

ಶಿವಶಂಕರ್ ತಲೆಯಾಡಿಸಿದ. ಸೀಮಂತ ಎಂಬ ಮಾತು ಕಿವಿಗೆ ಬಿದ್ದದ್ದೇ ಕಣ್ಣನ್ನು ಮತ್ತೆ ಡಬ್ಬಿಯ ಕಡೆಗೆ ತಿರುಗಿಸಿಕೊಂಡ.

ಪಕ್ಕದಲ್ಲಿ ನಿಂತಿದ್ದ ಮೇಘನಳ ತಾಯಿ ವೆಂಕಟರತ್ನಮ್ಮನವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಗಂಡ ತೂಕ ನೋಡಿದ್ದಾಯಿತು, ಮಗಳು ಬೆಲ್ಟು ಹಾಕಿಕೊಂಡದ್ದಾಯಿತು, ಇನ್ನು ಕೇಳಬೇಕಾದದ್ದನ್ನು ಕೇಳುವವರು ಅವರೇ.

"ಇದ್ರಲ್ಲಿ ಏನೇನ್ ತೆಗ್ದಿದ್ದೀಯಪ್ಪಾ? ಮದ್ವೆಗಿದ್ವೆನಾ?"

"ಎಲ್ಲಾನೂ ಅಮ್ಮಾ... ಮನೆ ಕಾರ್ಯಗಳು."

"ಶುಭಕಾರ್ಯ ಅನ್ನು."

"ಹೂಂ," ಎಂದ.

ಸುಳ್ಳು ಹೇಳಲು ಅಷ್ಟು ಸಾಕಾಯಿತು. ನಿಜವೆಂದರೆ ಆ ಕ್ಯಾಮೆರಾ ಮದುವೆಯ ಮಂಟಪ ನೋಡಿ ಆರು ವರ್ಷವಾಗಿತ್ತು. ಅವನು ಎರಡನೆಯ ಕ್ಯಾಮೆರಾ ಕೊಂಡ ದಿನದಿಂದ ಇದು ಸಾವಿನ ಮನೆಗಳಿಗೆ ಮೀಸಲಾಗಿತ್ತು. ಮುಳಬಾಗಿಲಿನ ಸುತ್ತಲ ಹಳ್ಳಿಗಳಲ್ಲಿ ಹಿರಿಯರು ತೀರಿಕೊಂಡರೆ, ಎತ್ತುವ ಮೊದಲು ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಹಾರ ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಎರಡೂ ಕಡೆ ನಿಲ್ಲುತ್ತಾರೆ. ಆಗ ಶಿವಶಂಕರನಿಗೆ ಫೋನು ಬರುತ್ತದೆ. ಅವನು ಊಟದ ತಟ್ಟೆ ಬಿಟ್ಟಾದರೂ ಎದ್ದು ಹೋಗುತ್ತಾನೆ, ಯಾಕೆಂದರೆ ಈ ಕೆಲಸದಲ್ಲಿ ಆಮೇಲೆ ಬರುತ್ತೇನೆ ಎನ್ನುವ ಹಾಗಿಲ್ಲ.

ಎರಡು ಕ್ಯಾಮೆರಾಗಳ ಈ ಮಡಿ ಮೈಲಿಗೆ ಮಾಡಿಟ್ಟವಳು ಅವನ ಹೆಂಡತಿ ಆಶಾರಾಣಿ. ಹಳೆಯದರ ಚೀಲ ಮನೆಯೊಳಗೆ ಬರುವಂತಿಲ್ಲ; ಬಚ್ಚಲಿನ ಹೊರಗೋಡೆಯ ಮೊಳೆಗೇ ಅದರ ವಾಸ. ಅವನು ಸಾವಿನ ಮನೆಯಿಂದ ಬಂದಾಗಲೆಲ್ಲ ಅವಳು ಅರಿಶಿನದ ನೀರು ತಂದು ಅವನಿಗೊಂದಿಷ್ಟು, ಚೀಲಕ್ಕೊಂದಿಷ್ಟು ಚಿಮುಕಿಸುತ್ತಿದ್ದಳು. ಶಿವಶಂಕರ್ ನಗುತ್ತಿದ್ದ. ಇದರಲ್ಲೆಲ್ಲ ನನಗೆ ನಂಬಿಕೆ ಇಲ್ಲ ಎನ್ನುತ್ತಿದ್ದ. ಆದರೆ ಒಂದು ಸಲ ಮದುವೆಯ ಬೆಳಿಗ್ಗೆಯೇ ಎರಡನೆಯದು ಕೆಟ್ಟು ಕೂತಾಗ, ಮೊಳೆಯ ಮೇಲಿದ್ದದ್ದನ್ನು ಮುಟ್ಟದೆ ಮುನಿಕೃಷ್ಣನ ಸ್ಟುಡಿಯೋಗೆ ಓಡಿ ಬಾಡಿಗೆಗೆ ತಂದಿದ್ದ. ನಂಬಿಕೆ ಇಲ್ಲದವರ ನಂಬಿಕೆ ಹೀಗೇ ಇರುತ್ತದೆ. ಇನ್ನು ಮೇಲೆ ಸಾವಿನ ಮನೆಯ ಕೆಲಸವೇ ಬೇಡ, ಇದನ್ನು ಕೊಟ್ಟು ಕೈತೊಳೆದುಕೊಳ್ಳಿ ಎಂದು ಆಶಾರಾಣಿಯೇ ಅವನನ್ನು ಬಸ್ಸು ಹತ್ತಿಸಿದ್ದಳು.

ಕಬ್ಬಿಣ, ಪ್ಲಾಸ್ಟಿಕ್ಕು, ಗಾಜು. ಇದಕ್ಕೆ ಯಾವ ಸೂತಕ ಎಂದು ಈಗ ತನಗೆ ತಾನೇ ಹೇಳಿಕೊಂಡ. ಹುಡುಗಿಗೆ ಒಳ್ಳೆಯ ಕ್ಯಾಮೆರಾ ಸಿಗುತ್ತದೆ, ನನಗೆ ಮದುವೆ ಸಿಗುತ್ತದೆ, ಯಾರಿಗೆ ಏನು ನಷ್ಟ?

"ಸರಿ ಹಂಗಾರೆ," ಎಂದರು ವೆಂಕಟರತ್ನಮ್ಮ. "ತಗೊಳ್ಳೋಕ್ ಮುಂಚೆ ನಮ್ದೊಂದು ತೆಗಿ. ನಿನ್ ಕೈಗುಣ ಹೆಂಗಿದೆ ನೋಡಾನ. ನಿನ್ ಕೈಲಿ ನಡ್ದಂಗೇ ನನ್ ಮಗಳ್ ಕೈಲೂ ನಡೀಲಿ."

ನರೇಶನಿಗೆ ಹುರುಪು ಬಂತು. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಒತ್ತಿ ಹಾಕಿದ. ವೆಂಕಟರತ್ನಮ್ಮ ಗಂಡನ ಅಂಗಿಯ ಕಾಲರು ಎಳೆದು ಸರಿಮಾಡಿ ಕೂರಿಸಿದರು, ತಾವೂ ಕೂತರು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಬಂದಿದ್ದ ಕೋದಂಡರಾಮಪ್ಪನವರು ದಣಿದಿದ್ದರು. ಕುರ್ಚಿ ಸಿಕ್ಕಿದ ಸುಖಕ್ಕೆ ಬೆನ್ನು ಚೆಲ್ಲಿದರು. ತಲೆ ಒಂದು ಪಕ್ಕಕ್ಕೆ ವಾಲಿತು.

ಶಿವಶಂಕರ್ ಮೇಘನಳಿಂದ ಕ್ಯಾಮೆರಾ ತೆಗೆದುಕೊಂಡು ಕಣ್ಣಿಗೆ ಹಿಡಿದ. ಎಷ್ಟೋ ಸಲ ಹೇಳಿದ ಮಾತು ಅವನನ್ನು ಕೇಳದೆಯೇ ಬಾಯಿಂದ ಬಂತು.

"ಅಮ್ಮಾ ಮೇಘನಾ, ಕುರ್ಚಿ ಹಿಂದೆ ನಿಂತ್ಕೊಂಡು ಅಪ್ಪನ ತಲೆ ನೆಟ್ಟಗೆ ಹಿಡ್ಕೋ. ನಿನ್ ಕೈ ಮುಂದಕ್ ಕಾಣ್ದೇ ಇರೋ ಹಂಗೆ."

ಮೇಘನ ಎರಡು ಹೆಜ್ಜೆ ಹೋಗಿಯೂ ಬಿಟ್ಟಳು. ಆಮೇಲೆ ಏನೋ ತೋಚಿ ನಿಂತಳು.

"ಯಾಕಪ್ಪಾ?" ಎಂದರು ಕೋದಂಡರಾಮಪ್ಪ, ತಲೆ ತಾವೇ ನೆಟ್ಟಗೆ ಮಾಡಿಕೊಂಡು. "ನನ್ ತಲೆ ನನ್ ಮೇಲೇ ನಿಂತೈತಲ್ಲ?"

ನರೇಶ್ ನಕ್ಕ. ಬೇರೆ ಯಾರೂ ನಗಲಿಲ್ಲ ಎಂದು ಗೊತ್ತಾಗಿ ನಿಲ್ಲಿಸಿದ. ವೆಂಕಟರತ್ನಮ್ಮ ಶಿವಶಂಕರನ ಮುಖವನ್ನೇ ನೋಡುತ್ತಿದ್ದರು.

"ನಮ್ಮತ್ತೆ ಹೋದಾಗ ನಾನ್ ಹಂಗೇ ಹಿಡ್ಕೊಂಡಿದ್ದೆ," ಎಂದರು ಮೆಲ್ಲಗೆ. "ಹಿಂದೆ ಬಗ್ಗಿ ಕೂತ್ಕೊಂಡು. ಫೋಟೋದಾಗೆ ನಾನಿಲ್ಲ." ಆಮೇಲೆ ಕ್ಯಾಮೆರಾ ಕಡೆ ನೋಡಿ, "ಇದು ಸಾವಿನ್ ಮನೆ ಕ್ಯಾಮೆರಾನೇನಪ್ಪಾ?" ಎಂದು ಕೇಳಿದರು.

ಅವರ ಬೆನ್ನ ಹಿಂದಿನಿಂದ ನರೇಶ್ ಕಣ್ಣು ಅಗಲಿಸಿ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. ಇಲ್ಲ ಎಂದರೆ ಮುಗಿಯಿತು. ಬಾಯಿ ತಪ್ಪಿ ಬಂತು, ತಮಾಷೆಗೆ ಅಂದೆ ಎಂದರೂ ನಡೆಯುತ್ತಿತ್ತು. ಶಿವಶಂಕರ್ ಡಬ್ಬಿಯನ್ನು ಒಮ್ಮೆ ನೋಡಿದ. ಹೊಟ್ಟೆಯಲ್ಲಿರುವ ಕೂಸಿನ ಮುಂದೆ ಇದನ್ನು ಹಿಡಿಯುವ ಹುಡುಗಿ ಎದುರಿಗೇ ನಿಂತಿದ್ದಳು. ಸುಳ್ಳು ಇನ್ನೊಂದು ಸಲ ನಾಲಿಗೆಗೆ ಬರಲಿಲ್ಲ.

"ಹೌದಮ್ಮಾ," ಎಂದ. "ಆರು ವರ್ಷದಿಂದ ಅದೊಂದಕ್ಕೇ. ಮೊದಲು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಏನಣ್ಣಾ ನೀನು!" ಎಂದು ನರೇಶ್ ಹಣೆ ಹಣೆ ಚಚ್ಚಿಕೊಂಡ. "ಅಮ್ಮಾ, ಅದೆಲ್ಲಾ ಏನೂ ಇಲ್ಲ. ಒಳಗಿಂದ ಪೂರ್ತಿ ಕ್ಲೀನ್ ಮಾಡಿಕೊಡ್ತೀನಿ. ಬೇಕಂದ್ರೆ ಆಂಜನೇಯನ ಗುಡೀಲಿ ಪೂಜೆನೂ ಮಾಡಿಸಿಕೊಡ್ತೀನಿ."

"ನಂಗಿದೇ ಬೇಕಮ್ಮಾ," ಎಂದಳು ಮೇಘನ. ಬೆಲ್ಟನ್ನು ಕತ್ತಿನಿಂದ ತೆಗೆದು ಕೊಟ್ಟಿದ್ದಕ್ಕೆ ಆಗಲೇ ಪರಿತಪಿಸುತ್ತಿದ್ದವಳ ಹಾಗಿದ್ದಳು. "ಏನೂ ಆಗಲ್ಲ. ಕ್ಯಾಮೆರಾಗೇನ್ ಗೊತ್ತಾಗ್ತದೆ?"

ಗಂಡಹೆಂಡಿರು ಕುರ್ಚಿಯಲ್ಲೇ ಬಾಗಿ ತೆಲುಗಿನಲ್ಲಿ ಪಿಸುಗುಟ್ಟಿಕೊಂಡರು. ಆಂಧ್ರದ ಗಡಿಯ ಮುಳಬಾಗಿಲಿನವನ ಮುಂದೆ ತೆಲುಗಿನಲ್ಲಿ ಗುಟ್ಟು ಮಾತಾಡುವುದು ಎಂದರೆ ಮೈಕಿನಲ್ಲಿ ಹೇಳಿದಂತೆಯೇ. ಕೋದಂಡರಾಮಪ್ಪನವರು ವಸ್ತು ಗಟ್ಟಿಯಿದೆ ಎಂದರು. ಮಗಳು ಆಸೆಪಟ್ಟಿದ್ದಾಳೆ ಎಂದರು. ವೆಂಕಟರತ್ನಮ್ಮ ಎಲ್ಲ ಕೇಳಿಸಿಕೊಂಡು, "ಬಿಡ್ಡಕಿ ವದ್ದು," ಎಂದರು. ಮಗಳಿಗೆ ಇದು ಬೇಡ. ಅಲ್ಲಿಗೆ ತೀರ್ಮಾನವಾಯಿತು, ಹಸುವಿನ ವ್ಯಾಪಾರವೆಲ್ಲ ಗಂಡನದಾದರೂ ಹಗ್ಗ ಯಾರ ಕೈಯಲ್ಲಿತ್ತು ಎಂಬುದೂ ಅಲ್ಲಿಗೆ ಗೊತ್ತಾಯಿತು.

ನರೇಶ್ ಹೊಸ ಡಬ್ಬಿಯನ್ನು ಎತ್ತಿ ಮೇಲಿನ ಕಪಾಟಿಗೆ ಸೇರಿಸಿದ. ಶಿವಶಂಕರ್ ತನ್ನ ನಾಲಿಗೆಗೆ, ತನ್ನ ಕಸುಬಿಗೆ, ಬಸ್ಸು ಹತ್ತಿಸಿದ ಹೆಂಡತಿಗೆ ಎಲ್ಲರಿಗೂ ಮನಸ್ಸಿನಲ್ಲೇ ಬೈದುಕೊಂಡ. ಸಂಜೆಯೊಳಗೆ ಮಾಲೂರಿಗೆ ಫೋನು ಮಾಡಿ ಆಗುವುದಿಲ್ಲ ಎನ್ನಬೇಕು. ಆ ಹುಡುಗಿ ಪರವಾಗಿಲ್ಲ ಅಂಕಲ್ ಎನ್ನುತ್ತಾಳೆ. ಅವಳಿಗೆ ನಿಜವಾಗಿಯೂ ಏನೂ ನಷ್ಟವಿರುವುದಿಲ್ಲ.

"ತಪ್ ತಿಳ್ಕೋಬೇಡಪ್ಪಾ," ಎಂದರು ವೆಂಕಟರತ್ನಮ್ಮ. "ಬಸ್ರಿ ಹೆಂಗ್ಸಿನ ಮುಂದೆ ಅದನ್ನ ಹೆಂಗ್ ಹಿಡಿಸ್ಲಿ ಹೇಳು. ಕೇಳಿದ್ಕೆ ನಿಜ ಹೇಳ್ದೆ. ನಿನ್ ಮಕ್ಳಿಗೆ ಒಳ್ಳೇದಾಗ್ಲಿ."

"ಇರ್ಲಿ ಬಿಡಮ್ಮಾ," ಎಂದು ಶಿವಶಂಕರ್ ಕ್ಯಾಮೆರಾವನ್ನು ಚೀಲಕ್ಕೆ ಹಾಕಲು ಹೋದ.

"ಯಾಕ್ ಒಳಗಿಡ್ತೀಯ? ಫೋಟೋ ಬಾಕಿ ಐತೆ," ಎಂದರು ವೆಂಕಟರತ್ನಮ್ಮ.

ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದ ಕೋದಂಡರಾಮಪ್ಪನವರು ತಿರುಗಿ ನೋಡಿದರು. "ತಗಳಲ್ಲ ಅಂದ್ಮೇಲೆ ಫೋಟೋ ಯಾಕೆ?"

"ಮಗಳ್ಗೆ ಬ್ಯಾಡ ಅಂದೆ. ನಮ್ಗೆ ಬ್ಯಾಡ ಅಂದ್ನಾ?" ವೆಂಕಟರತ್ನಮ್ಮ ಕುರ್ಚಿ ಬಿಟ್ಟು ಅಲುಗಿರಲಿಲ್ಲ. "ನಾವು ಹಣ್ಣೆಲೆ. ನಾಳೆ ನಮ್ಮನ್ನೂ ಹಿಂಗೇ ಕೂರ್ಸಿ, ಯಾವಳೋ ಹಿಂದೆ ಬಗ್ಗಿ ತಲೆ ಹಿಡ್ಕೊಂಡು ತೆಗೆಸ್ತಾರೆ. ಅದನ್ನೇನ್ ನಾವ್ ನೋಡ್ತೀವಾ? ಇವತ್ತಿನ್ದಾದ್ರೂ ನೋಡಾನ. ಬರ್ರೀ, ಕೂತ್ಕಳ್ರೀ."

"ಅಮ್ಮಾ, ಏನಂತ ಮಾತಾಡ್ತೀಯ," ಎಂದಳು ಮೇಘನ. ಅವಳ ಕಣ್ಣು ತುಂಬಿತ್ತು.

"ನೀನ್ ಸುಮ್ನಿರೇ. ಆ ಕಡೆ ನಿಂತ್ಕೋ, ಹಿಂದಕ್ಕಲ್ಲ, ಪಕ್ಕಕ್ಕೆ. ಫೋಟೋದಾಗೆ ಬಾ."

ಕೋದಂಡರಾಮಪ್ಪನವರು ಬಂದು ಕೂತರು. ಈ ಸಲ ಬೆನ್ನು ಕುರ್ಚಿಗೆ ತಾಕಿಸಲಿಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟು, ಗದ್ದ ಎತ್ತಿ, ಯಾರೋ ಜಗಳಕ್ಕೆ ಕರೆದಂತೆ ಕೂತರು. ಶಿವಶಂಕರ್ ಕ್ಯಾಮೆರಾ ಎತ್ತಿ ಒತ್ತಿದ. ನೋಡಿದರೆ ಯಜಮಾನರ ಕಣ್ಣು ಮುಚ್ಚಿತ್ತು. ಇನ್ನೊಂದು ತೆಗೆದ. ಆಗಲೂ ಮುಚ್ಚಿತ್ತು.

"ಅಪ್ಪಂದು ಯಾವಾಗ್ಲೂ ಹಂಗೇ ಸರ್," ಎಂದಳು ಮೇಘನ ಮೂಗು ಒರೆಸಿಕೊಳ್ಳುತ್ತಾ. "ಆಧಾರ್ ಕಾರ್ಡ್‌ನೋರ್ಗೂ ಸಾಕಾಗ್ಹೋಗಿತ್ತು."

ಶಿವಶಂಕರ್ ಚಿತ್ರವನ್ನು ಸ್ವಲ್ಪ ಹೊತ್ತು ದಿಟ್ಟಿಸಿದ. ಹಾಗೆ ಮುಚ್ಚಿದ ಕಣ್ಣುಗಳನ್ನು ಅವನು ಈ ಪರದೆಯ ಮೇಲೆ ಬೇಕಾದಷ್ಟು ನೋಡಿದ್ದ, ನೋಡಿ ಸರಿಯಿದೆ ಎಂದು ಮುಂದಿನದಕ್ಕೆ ಹೋಗಿದ್ದ.

"ಕಣ್ಣು ಮುಚ್ಬೇಡಿ ಯಜಮಾನ್ರೇ," ಎಂದ.

ಮದುವೆ ಮನೆಗಳಲ್ಲಿ ಸಾವಿರ ಸಲ ಹೇಳಿದ ಮಾತು. ಈ ಕ್ಯಾಮೆರಾದ ಮುಂದೆ ಕುರ್ಚಿಯಲ್ಲಿ ಕೂತವರಿಗೆ ಈ ಆರು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅದು ಬೇಕಾದದ್ದಕ್ಕಿಂತ ಜೋರಾಗಿ ಬಂತು; ನರೇಶ್ ಕೂಡ ತಿರುಗಿ ನೋಡಿದ.

ಕೋದಂಡರಾಮಪ್ಪನವರು ಟವೆಲಿನಿಂದ ಕಣ್ಣು ಉಜ್ಜಿಕೊಂಡು ಅಗಲವಾಗಿ ಬಿಟ್ಟರು. ರೆಪ್ಪೆಗಳು ಅದುರುತ್ತಿದ್ದವು, ನೀರು ಬರುತ್ತಿತ್ತು, ಆದರೂ ಮುಚ್ಚಲಿಲ್ಲ. "ಬೇಗ ತೆಗ್ಯಪ್ಪಾ," ಎಂದರು ತುಟಿ ಅಲುಗಿಸದೆ.

ಶಿವಶಂಕರನ ಬೆರಳು ಬಟನ್ನಿನ ಮೇಲಿತ್ತು. ಅವನು ಅವಸರ ಮಾಡಲಿಲ್ಲ. ಆ ಎರಡು ಕಣ್ಣುಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತ.