ನಲವತ್ತನೇ ಕೋಣೆಯ ಪಿಟೀಲು ಮೇಷ್ಟ್ರು

೧

ಎಲ್ಲಿಂದ ಶುರು ಮಾಡಲಿ? ಹೆಣದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ, ಗೊತ್ತು. ಮೊದಲ ಡ್ರಾಫ್ಟಿನಲ್ಲಿ ಹಾಗೇ ಮಾಡಿದ್ದೆ: ಲಾಡ್ಜಿನ ವರಾಂಡದಲ್ಲಿ ಹೆಣ, ಮುಷ್ಟಿಯಲ್ಲಿ ಚೀಟಿ, ಚೀಟಿಯಲ್ಲೊಂದು ಲೆಕ್ಕ. ಹರಿದು ಹಾಕಿದೆ. ಆ ಹೆಣ ನನ್ನದಲ್ಲ. ಟೇಲರ್ ಒಬ್ಬ ತನ್ನ ಅಕ್ಕನಿಗೆ ಓದಿ ಹೇಳುತ್ತಿದ್ದ ಪತ್ತೇದಾರಿ ಕಾದಂಬರಿಯದು. ನನ್ನ ಕಥೆ ಅವರಿಬ್ಬರದು.

೨

ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮೂರು ತಿಂಗಳ ಹಿಂದೆ ಶಾಲೆಯ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. ಗಾಯ ಮಾಯಿತು. ಆದರೆ ಪುಟ ತೆರೆದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ. ಹೀಗಾಗಿ ತಮ್ಮ ದಿನವೂ ಮಧ್ಯಾಹ್ನ ಮಿಷನ್ ನಿಲ್ಲಿಸಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಅವಳನ್ನು ಕೂರಿಸಿಕೊಂಡು ಓದುತ್ತಾನೆ. ಕಾದಂಬರಿಯಲ್ಲಿ ಐದು ಕೊಲೆ, ಪ್ರತಿ ಹೆಣದ ಬಳಿ ಒಂದು ಲೆಕ್ಕ. ಪತ್ತೇದಾರನಿಗಿಂತ ಮೊದಲು ಬಿಡಿಸಬೇಕೆಂಬುದು ಅಕ್ಕನ ಹಟ.

ಬರೀ ಹಟವಲ್ಲ. ಶುಕ್ರವಾರ ಹನ್ನೊಂದಕ್ಕೆ ಹೆಡ್‌ಮಿಸ್ಟ್ರೆಸ್ ಮನೆಗೆ ಬರುತ್ತಾರೆ, ಅವಳು ಹತ್ತನೇ ತರಗತಿಗೆ ಮತ್ತೆ ಪಾಠ ಮಾಡಬಲ್ಲಳೇ ಎಂದು ನೋಡಲು.

೩

ಸೋಮವಾರ.

"ಎರಡು, ಆರು, ಹನ್ನೆರಡು, ಇಪ್ಪತ್ತು, ಮೂವತ್ತು. ಮುಂದಿನ ಸಂಖ್ಯೆಯೇ ಕೊಲೆಗಾರನ ಕೋಣೆ," ಎಂದು ತಮ್ಮ ಓದಿದ.

"ನಲವತ್ತು," ಅಂದಳು ಅಕ್ಕ, ಅವನು ಉಸಿರು ಬಿಡುವ ಮೊದಲೇ.

ಪುಸ್ತಕದಲ್ಲಿ ನಲವತ್ತೆರಡು ಎಂದಿತ್ತು. (ಅಂತರ ನಾಲ್ಕು, ಆರು, ಎಂಟು, ಹತ್ತು, ಆಮೇಲೆ ಹನ್ನೆರಡು. ನಾನು ಬೆರಳು ಮಡಚಿ ನೋಡಿಕೊಂಡೆ. ನಿಮಗೆ ಬಾಯಲ್ಲೇ ಬಂದಿರಬಹುದು.) ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

"ಪತ್ತೇದಾರ ನಲವತ್ತನೇ ಕೋಣೆಯ ಬಾಗಿಲು ತಟ್ಟಿದ," ಎಂದು ಓದಿದ ತಮ್ಮ.

ಅಲ್ಲಿಗೆ ಕೆಟ್ಟಿತು. ನಲವತ್ತೆರಡರಲ್ಲಿದ್ದವನು ಸರ್ಜನ್, ನಿಜವಾದ ಕೊಲೆಗಾರ. ನಲವತ್ತರಲ್ಲಿದ್ದವರು ಯಾರ ತಂಟೆಗೂ ಹೋಗದ ಪಿಟೀಲು ಮೇಷ್ಟ್ರು.

೪

(ಇಲ್ಲಿ ನಾನು ತಮ್ಮನನ್ನು ತಡೆದೆ.

"ಇನ್ನೊಬ್ಬರು ಬರೆದ ಪುಸ್ತಕ ಕಣಯ್ಯಾ. ಬದಲಾಯಿಸೋ ಹಾಗಿಲ್ಲ."

"ನಿಮ್ಮ ಕಥೆ ನೀವು ಬರ್ಕೊಳ್ಳಿ ಸಾರ್. ಅವಳ ಮುಖ ನೋಡ್ತಾ ಕೂತಿರೋನು ನಾನು."

"ಶುಕ್ರವಾರ ಏನು ಮಾಡ್ತೀಯ?"

ಅವನು ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದ. ಪಾತ್ರಗಳ ಜೊತೆ ಇದೇ ತೊಂದರೆ. ಬೇಕಾದಾಗ ಕಿವುಡರಾಗುತ್ತಾರೆ.)

೫

ಎರಡನೇ ಲೆಕ್ಕವನ್ನು ಅಕ್ಕ ಸರಿಯಾಗಿ ಬಿಡಿಸಿದಳು. ಮೂರನೆಯದು: ಗಡಿಯಾರ ಆರು ಸಲ ಹೊಡೆಯಲು ಐದು ಸೆಕೆಂಡ್ ಆದರೆ ಹನ್ನೆರಡು ಸಲಕ್ಕೆ ಎಷ್ಟು? ಇದೇ ಲೆಕ್ಕ ಕೊಟ್ಟು ವರ್ಷವರ್ಷವೂ ಮಕ್ಕಳನ್ನು ಬೇಸ್ತು ಬೀಳಿಸುತ್ತಿದ್ದವಳು ಅವಳು. "ಹತ್ತು," ಅಂದಳು. ಹನ್ನೊಂದು ಆಗಬೇಕಿತ್ತು. ತಮ್ಮ ಹತ್ತು ಎಂದೇ ಓದಿ, ಸಾಕ್ಷಿಗಳ ಹೇಳಿಕೆಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿದ. ನಾಲ್ಕನೆಯದು ಸರಿ. ಐದನೆಯದು ಮತ್ತೆ ತಪ್ಪು.

ಬುಧವಾರದ ಹೊತ್ತಿಗೆ ಅವನು ಓದುತ್ತಲೇ ಇರಲಿಲ್ಲ, ತೆರೆದ ಪುಟದ ಮುಂದೆ ಕೂತು ಬಾಯಿಗೆ ಬಂದದ್ದನ್ನು ಹೊಲಿಯುತ್ತಿದ್ದ. (ನನಗಿಂತ ಬೇಗ ಬರೆಯುತ್ತಾನೆ, ಒಪ್ಪಿಕೊಳ್ಳುತ್ತೇನೆ.) ಆ ದಿನ ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು.

೬

ಗುರುವಾರ. ಕಾದಂಬರಿಯಲ್ಲಿ ಕೋರ್ಟು. "ಪಿಟೀಲು ಮೇಷ್ಟ್ರಿಗೆ ಗಲ್ಲು ಶಿಕ್ಷೆ ವಿಧಿಸಲಾಯಿತು..."

"ನಿಲ್ಸು," ಎಂದಳು ಅಕ್ಕ. "ಮೇಷ್ಟ್ರು ಅಲ್ಲ ಕಣೋ. ಅವರ ಎರಡೂ ಕೈ ಭುಜದಿಂದ ಮೇಲೆ ಏಳಲ್ಲ, ಅದಕ್ಕೇ ಪಿಟೀಲು ಬಿಟ್ರು ಅಂತ ನೀನೇ ಓದಿದೆ. ಐದೂ ಏಟು ಬಿದ್ದಿರೋದು ನೆತ್ತಿ ಮೇಲೆ."

"ಕಥೆ ತಾನೇ ಅಕ್ಕ."

"ಲೆಕ್ಕ ಇರೋ ಕಥೆ. ಉತ್ತರ ತಾಳೆ ಆಗ್ತಿಲ್ಲ ಅಂದ್ರೆ ಎಲ್ಲೋ ಒಂದು ಹೆಜ್ಜೆ ತಪ್ಪಿದೆ. ಯಾರದು? ನಿಂದಾ, ನಂದಾ?"

ತಮ್ಮ ಪುಸ್ತಕ ಮುಚ್ಚಿದ. ಮತ್ತೆ ತೆರೆದ.

"ನಲವತ್ತೆರಡು ಅಕ್ಕ. ಅವತ್ತು ನೀನು ನಲವತ್ತು ಅಂದೆ."

"ಒಟ್ಟು ಎಷ್ಟು ತಪ್ಪು?"

"ಮೂರು."

"ಐದಕ್ಕಾ?"

"ಹೂಂ."

ಅಕ್ಕ ಅಳಲಿಲ್ಲ. ಮೇಜಿನ ಮೇಲಿದ್ದ ಬಟ್ಟೆಚೂರುಗಳನ್ನು ಒಂದು ಕಡೆ ಸರಿಸಿದಳು, ಮತ್ತೆ ಸರಿಸಿದಳು.

"ನಾಳೆ ಹೆಡ್‌ಮಿಸ್ಟ್ರೆಸ್ ಎದುರಿಗೇ ಗೊತ್ತಾಗ್ತಿತ್ತಲ್ಲೋ ನನಗೆ. ಅಷ್ಟು ಯೋಚನೆ ಬರ್ಲಿಲ್ವಾ?"

"ದಿನಾ ಬಂತು."

೭

ಮುಕ್ತಾಯ ಒಂದು: ಶುಕ್ರವಾರ ಅಕ್ಕ ಎಲ್ಲವನ್ನೂ ಸರಿಯಾಗಿ ಬಿಡಿಸುತ್ತಾಳೆ, ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಳ್ಳುತ್ತಾರೆ.

ಮುಕ್ತಾಯ ಎರಡು: ಅಕ್ಕ ತಮ್ಮನ ಜೊತೆ ಮಾತು ಬಿಡುತ್ತಾಳೆ, ಅವನದೇ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಉಳಿಯುತ್ತಾಳೆ.

ಎರಡನ್ನೂ ಅವಳಿಗೆ ಓದಿ ಹೇಳಿದೆ.

"ಮೊದಲನೇದು ಸುಳ್ಳು," ಎಂದಳು. "ಎರಡನೇದು ನಿಮಗೆ ಸುಲಭ."

ತಮ್ಮನ ಕೈಯಲ್ಲಿ ನಂಬರ್ ಒತ್ತಿಸಿ ಫೋನ್ ಕಿವಿಗಿಟ್ಟುಕೊಂಡಳು. ಹೆಗಲು ನೆಟ್ಟಗಾಯಿತು. ದನಿ ತರಗತಿಯ ದನಿ.

"ಮೇಡಂ, ನಾಳೆ ಬರೋ ಮುಂಚೆ ಒಂದು ವಿಷಯ. ಐದು ಲೆಕ್ಕದಲ್ಲಿ ಮೂರು ತಪ್ಪು ಮಾಡಿದೀನಿ. ಎಲ್ಲೋ ತಪ್ಪಾಗಿದೆ ಅಂತ ಕಂಡುಹಿಡಿದಿದ್ದೂ ನಾನೇ. ಎರಡನ್ನೂ ಬರ್ಕೊಳ್ಳಿ."

ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿಸಿತು. ಆಮೇಲೆ ಹೆಡ್‌ಮಿಸ್ಟ್ರೆಸ್ ನಿಧಾನವಾಗಿ ಕೇಳಿದರು: "ನೀವೇ ಹೇಳಿ ಟೀಚರ್. ನಾಳೆ ನಾನು ಬರಲಾ?"

ತಮ್ಮ ನನ್ನತ್ತ ನೋಡಿದ, ಏನಾದರೂ ಬರೆಯಿರಿ ಎನ್ನುವ ಹಾಗೆ. ನೀವೂ ಹಾಗೇ ನೋಡುತ್ತಿದ್ದೀರಿ. ನಾನು ಪೆನ್ನು ಕೆಳಗಿಟ್ಟೆ. ಅವಳ ಉತ್ತರವನ್ನು ಬೇರೆಯವರು ಹೇಳಿದ್ದು ಈ ವಾರಕ್ಕೆ ಸಾಕು.

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.