ಮೂರನೆಯ ಸಾಲಿನ ಕೊನೆಗೆ

ಸತ್ಯಮೂರ್ತಿಯ ಕಾಲು ಮುರಿದದ್ದು ರೇಸಿನಲ್ಲಿ ಅಲ್ಲ. ರೇಸಿನಲ್ಲಿ ಮುರಿದಿದ್ದರೆ ಮುಂಬಯಿ ಮಾಟುಂಗದ ಆ ಚಾಳಿನಲ್ಲಿ ಅವನಿಗೆ ಒಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ನಿಂತ ಗಾಡಿಯೇ ಅವನ ಮೇಲೆ ಮಲಗಿತ್ತು.

ವಿಲಾಯತಿಗೆ ಹೊರಟ ಸಾಹೇಬನೊಬ್ಬನ ಕೈಯಿಂದ ಬಂದ ರೇಸಿನ ಮೋಟರ್ ಸೈಕಲ್ ಅದು. ಮೂರು ಆಳಿನ ಭಾರ. ಅದನ್ನು ನಡುವಿನ ಸ್ಟ್ಯಾಂಡಿಗೆ ಏರಿಸಲು ಸತ್ಯಮೂರ್ತಿಯೂ, ವಿಕ್ರೋಳಿಯ ಕಾರ್ಖಾನೆಯಲ್ಲಿ ಅವನ ಜೊತೆ ಕೆಲಸ ಮಾಡುವ ಅಣ್ಣುವೂ ಆಚೆ ಈಚೆ ನಿಂತು ‘ಒಂದು, ಎರಡು, ಮೂರು’ ಎಣಿಸಿದರು. ಅಣ್ಣು ಮೂರು ಅನ್ನುವಾಗಲೇ ಎತ್ತಿಬಿಟ್ಟ. ಸತ್ಯಮೂರ್ತಿ, ಮೂರು ಅಂದು ಮುಗಿಸಿ ಎತ್ತುವುದೆಂದು ಕಾದಿದ್ದ. ಆ ಅರೆಗಳಿಗೆಯಲ್ಲಿ ಗಾಡಿ ಅವನ ಕಡೆಗೇ ಬಂತು.

“ಎಷ್ಟನೇ ನಂಬರ್ ಬಂತು, ರೇಸ್‌ವಾಲಾ?” ಎಂದು ಕೆಳಗಿನ ಮನೆಯವರು ಒಂದು ದಿನ ಕೇಳಿದರು. ಅಂದೇ ಅವನು ಮಂಚವನ್ನು ಕಿಟಕಿಯ ಬಳಿಯಿಂದ ದೂರ ಎಳೆಸಿಕೊಂಡು ಗೋಡೆ ನೋಡುತ್ತ ಮಲಗಿದ. ಮೂರು ವಾರವಾಯಿತು. ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮೇಲೆ, ಮುಖ ಗೋಡೆಗೆ.

ಮಳೆ ಹಿಡಿದುಕೊಂಡಿತು. ಕೆಳಗೆ ಅಂಗಳದ ಮಣ್ಣು ಮೆತ್ತಗಾಯಿತು. ಕಾಲು ಮುರಿದ ದಿನ ಯಾರೋ ಗಾಡಿಯನ್ನು ಎತ್ತಿ ಪಕ್ಕದ ಸ್ಟ್ಯಾಂಡಿನ ಒಂಟಿ ಕಾಲಿನ ಮೇಲೆ ನಿಲ್ಲಿಸಿ ಹೋಗಿದ್ದರು; ಆ ಒಂಟಿ ಕಾಲು ದಿನದಿನಕ್ಕೂ ಮಣ್ಣಿನೊಳಗೆ ಇಳಿಯುತ್ತಿತ್ತು. ನಲ್ಲಿಗೆ ಹೋಗುವಾಗಲೆಲ್ಲ ಅವನ ಹೆಂಡತಿ ಕೌಸಲ್ಯಾ ಬಗ್ಗಿ ಬಗ್ಗಿ ನೋಡುತ್ತಿದ್ದಳು.

“ಏನೂಂದ್ರೆ, ಗಾಡಿ ವಾಲ್ತಾ ಇದೆ.”

“ವಾಲ್ಲಿ.”

“ಬಿದ್ದುಹೋಗತ್ತೆ.”

“ಬೀಳ್ಲಿ ಬಿಡು. ಎದ್ದ ಮೇಲೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಕಾಲು ಅರ್ಧ ಇಂಚು ಗಿಡ್ಡ ಆಗತ್ತೆ ಅಂತ ಡಾಕ್ಟರು ಹೇಳಿದ್ದು ನಿನ್ನ ಕಿವಿಗೂ ಬಿತ್ತಲ್ಲ. ಕುಂಟನಿಗೆ ರೇಸ್ ಗಾಡಿ ಒಂದು ಕೇಡು.”

ಮೈಸೂರಿನ ತವರಿನಲ್ಲಿ ಕೌಸಲ್ಯಾಳ ತಂದೆ ಸಂಜೆ ದೀಪ ಹಚ್ಚಿದ ಮೇಲೆ ಭಾರತದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅವಳು ಬತ್ತಿ ಹೊಸೆಯುತ್ತ ಕೇಳಿಯೇ ಬೆಳೆದವಳು. ಈ ಚಾಳಿನಲ್ಲಿ ಸೀನಿದರೂ ನಾಲ್ಕು ಮನೆಗೆ ಕೇಳುತ್ತದೆ, ಹಾಡುವುದೆಲ್ಲಿ? ಭಾನುವಾರ ಗಂಡನ ಹಿಂದೆ ಕೂತು ವಿಹಾರ್ ಕೆರೆಯ ಕಡೆ ಹೋಗುವಾಗ ಮಾತ್ರ, ಗಾಳಿಯೂ ಇಂಜಿನ್ನೂ ಸೇರಿ ತನ್ನನ್ನು ಮುಚ್ಚುತ್ತವೆ ಎಂಬ ಧೈರ್ಯದಲ್ಲಿ, ಅವನ ಬೆನ್ನಿಗೆ ಕೆನ್ನೆಯಿಟ್ಟು ಪದ್ಯದ ಮೇಲೆ ಪದ್ಯ ಹೇಳಿಕೊಳ್ಳುತ್ತಿದ್ದಳು. ಈ ಗಾಡಿ ಮಣ್ಣಿಗೆ ಬಿದ್ದರೆ ಈ ಮನುಷ್ಯ ಗೋಡೆಯಿಂದ ಮುಖ ತಿರುಗಿಸುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು.

ಶನಿವಾರ ನೋಡಿದರೆ ಗಾಡಿಯ ಪೆಡಲಿಗೂ ನೆಲಕ್ಕೂ ನಡುವೆ ಎರಡೇ ಬೆರಳು ಜಾಗ. ಅವಳು ಕೊಡೆ ತೆಗೆದುಕೊಂಡು ಪಕ್ಕದ ಉಡುಪಿ ಹೋಟೆಲಿಗೆ ಹೋದಳು. ಅಲ್ಲಿ ದೋಸೆ ಹೊಯ್ಯುವ ಮೋನಪ್ಪ, ನಾಷ್ಟಾದ ಗಲಾಟೆ ಇಳಿದ ಮೇಲೆ, ಹೋಟೆಲಿನ ಬಾಗಿಲಿನ ಎರಡು ಉದ್ದ ಹಲಗೆ ಹೊತ್ತುಕೊಂಡು ಬಂದ.

ಇಬ್ಬರೂ ಸೇರಿ ಗಾಡಿಯನ್ನು ನೆಟ್ಟಗೆ ಮಾಡಿ ಹಲಗೆಯ ಮೇಲಕ್ಕೆ ಹತ್ತಿಸಿದರು. ಅಷ್ಟಕ್ಕೇ ಕೌಸಲ್ಯಾಳಿಗೆ ಏದುಸಿರು; ನಡುವಿನ ಸ್ಟ್ಯಾಂಡಿಗೆ ಏರಿಸುವುದು ಇನ್ನೂ ಬಾಕಿ.

“ಹೋದ ಸಲವೂ ಇಬ್ಬರೇ ಅಲ್ವಾ ಅಮ್ಮ ಇದಕ್ಕೆ ಕೈ ಹಾಕಿದ್ದು?” ಎಂದ ಮೋನಪ್ಪ. “ಈಗಲೇ ಒಂದು ಮಾತು ಆಗಿಬಿಡಲಿ. ಮೂರು ಅನ್ನುವಾಗ ಎತ್ತುವುದಾ, ಅಂದ ಮೇಲೆ ಎತ್ತುವುದಾ?”

“ಅಂದ ಮೇಲೆ.”

ಮಾತು ಆಯಿತು. ಆದರೆ ಮೂರು ಬಂದಾಗ ದಿನಕ್ಕೆ ನೂರು ಸಲ ದೋಸೆ ಮಗುಚುವ ಮೋನಪ್ಪನ ಕೈ ಕಾಯಲಿಲ್ಲ. ಸ್ಟ್ಯಾಂಡು ಕಿರ್ರೆಂದಿತು, ಗಾಡಿ ಹೊಯ್ದಾಡಿತು. ಕೌಸಲ್ಯಾ ಸೊಂಟ ಕೊಟ್ಟು ತಡೆದಳು.

“ಪಾದ ತೆಗಿ ಅಲ್ಲಿಂದ, ಕೌಸಲ್ಯಾ.”

ದನಿ ಮೇಲಿನಿಂದ ಬಂತು. ಮೊದಲ ಮಾಳಿಗೆಯ ಕಿಟಕಿಯಲ್ಲಿ, ಸರಳು ಹಿಡಿದುಕೊಂಡು, ಒಂದೇ ಕಾಲಿನ ಮೇಲೆ ಸತ್ಯಮೂರ್ತಿ. ಮಂಚದಿಂದ ಅಲ್ಲಿಯವರೆಗೆ ಹೇಗೆ ಬಂದನೋ. ಮುಖವೆಲ್ಲ ಬೆವರು.

“ಬಿಟ್ಬಿಡು ಅಂದಿರಲಿಲ್ವೆ? ನನ್ನ ಕಾಲು ಹೋದದ್ದು ಸಾಲ್ದಾ?”

“ಬಿಟ್ಟರೆ ಈಗ ಬೀಳತ್ತೆ. ಹೇಗೆ ಅಂತ ಹೇಳಿ.”

ಅವನು ಸರಳಿಗೆ ಹಣೆಯೊತ್ತಿ ಸ್ಟ್ಯಾಂಡಿನ ಕಡೆ ನೋಡಿದ. ಆಮೇಲೆ ಕಾರ್ಖಾನೆಯಲ್ಲಿ ಹುಡುಗರಿಗೆ ಹೇಳಿಕೊಡುವ ದನಿ ಬಂತು. “ಮೋನಪ್ಪ, ನೀನು ಎತ್ತಬೇಡ. ಆ ಕಡೆ ನಿಂತು ನೆಟ್ಟಗೆ ಹಿಡಿದಿರು, ಸಾಕು. ಕೌಸಲ್ಯಾ, ಸ್ಟ್ಯಾಂಡನ್ನ ಕಾಲಲ್ಲಿ ಒತ್ತಿ ಇಳಿಸು. ಅದರ ಎರಡು ಕಾಲೂ ಹಲಗೆಗೆ ಮುಟ್ಟಬೇಕು, ಒಂದೇ ಮುಟ್ಟಿದ್ರೆ ಮುಟ್ಟಿದ ಹಾಗಲ್ಲ. ಮುಟ್ಟಿದ್ವಾ?”

“ಮುಟ್ಟಿದ್ವು.”

“ಈಗ ಕೈಯಲ್ಲಿ ಎತ್ತೋದಲ್ಲ ಕಣೆ, ತುಳಿಯೋದು. ಸೀಟಿನ ಕೆಳಗಿನ ಕಂಬಿ ಹಿಡ್ಕೊ. ಮೈಭಾರವೆಲ್ಲ ಸ್ಟ್ಯಾಂಡ್ ತುಳಿದ ಕಾಲಿಗೆ ಹಾಕು. ಗಾಡಿ ತಾನೇ ಹಿಂದಕ್ಕೆ ಹತ್ತತ್ತೆ. ಮೋನಪ್ಪನೂ ಅದೇ ಹೊತ್ತಿಗೆ ಗಾಡಿಯನ್ನ ಹಿಂದಕ್ಕೆ ಬಿಡಬೇಕು, ಮುಂಚೆ ಅಲ್ಲ, ಆಮೇಲೆ ಅಲ್ಲ.”

ಮಾತು ಮತ್ತೆ ಮೂರರ ಎಣಿಕೆಗೇ ಬಂತು. ಮೋನಪ್ಪ ತಲೆ ತಗ್ಗಿಸಿದ. “ನನ್ನ ಕೈಯನ್ನು ನಂಬಬೇಡಿ ಅಮ್ಮ. ಮೂರು ಅಂದರೆ ಅದು ಓಡುತ್ತದೆ.”

ಕೌಸಲ್ಯಾ ಹಣೆಯ ಮಳೆನೀರನ್ನು ತೋಳಿಗೆ ಒರೆಸಿಕೊಂಡಳು. “ಭಾಮಿನಿ ಷಟ್ಪದಿ ಕೇಳಿದ್ದೀಯಾ, ಮೋನಪ್ಪ?”

“ಎಂಥದು ಕೇಳುವುದು ಅಮ್ಮ. ಊರಲ್ಲಿ ತಾಳಮದ್ದಲೆಗೆ ಭಾಗವತರ ಹಿಂದೆ ಕೂತು ಶ್ರುತಿ ಹಿಡಿದವ ನಾನು.”

“ಹಾಗಾದ್ರೆ ಎಣಿಸೋದು ಬೇಡ, ಹಾಡ್ತೀನಿ. ಎರಡು ಗಿಡ್ಡ ಸಾಲು ಹೋಗತ್ತೆ. ಮೂರನೇದು ಉದ್ದಕ್ಕೆ ಹೋಗಿ ಕೊನೇಲಿ ನಿಲ್ಲತ್ತಲ್ಲ, ಅಲ್ಲಿ ನಾನು ತುಳೀತೀನಿ, ನೀನು ಬಿಡು.”

“ಅಲ್ಲಿ ತಪ್ಪಲಿಕ್ಕೆ ನನಗೆ ಬರುವುದಿಲ್ಲ ಅಮ್ಮ,” ಎಂದ ಮೋನಪ್ಪ, ಮೆಲ್ಲಗೆ.

ಆದರೆ ಬಾಯಿ ತೆಗೆಯಬೇಕಲ್ಲ. ಚಾಳಿನ ಗ್ಯಾಲರಿಯಲ್ಲಿ ಆಗಲೇ ಹತ್ತು ತಲೆ ಸಾಲಾಗಿ ನಿಂತಿದ್ದವು. ಅವಳು ಕಣ್ಣು ಮುಚ್ಚಿದಳು. ಆಗ ಮೇಲಿನಿಂದ ಕಿಟಕಿಯ ಸರಳಿನ ಮೇಲೆ ಬೆರಳಿನ ಸದ್ದು ಕೇಳಿಸಿತು. ಮೂರು, ನಾಲ್ಕು. ಮೂರು, ನಾಲ್ಕು. ತಂದೆ ಬಾಯಿಪಾಠ ಮಾಡಿಸುವಾಗ ಮಣೆಗೆ ತಟ್ಟುತ್ತಿದ್ದ ಅದೇ ನಡೆ.

ಸಂಗೀತವೆಂದರೆ ಆಕಳಿಸುವ ಮನುಷ್ಯ ಇವರು, ಇದನ್ನೆಲ್ಲಿ ಕಲಿತರು? ಮರುಕ್ಷಣವೇ ಹೊಳೆದು ಅವಳ ಕಿವಿ ಬಿಸಿಯಾಯಿತು. ಅಷ್ಟು ಭಾನುವಾರಗಳೂ ತನ್ನ ಪದ್ಯ ಇವರ ಬೆನ್ನಿಗೆ ಕೇಳಿಸುತ್ತಿತ್ತು.

ಅವಳು ಆ ನಡೆಯನ್ನು ಹಿಡಿದುಕೊಂಡಳು. ಮಾತಿಲ್ಲದ ಬರೀ ದನಿ, ಮೊದಲು ಸಣ್ಣಗೆ, ಎರಡನೆಯ ಸಾಲಿಗೆ ಸರಿಯಾಗಿ. ಮೋನಪ್ಪನ ತುಟಿಯೂ ಆಡಿತು. ಮೂರನೆಯ ಸಾಲು ಉದ್ದಕ್ಕೆ ಹೋಯಿತು, ಕೊನೆಗೆ ಬಂದು ನಿಂತಿತು, ಅವಳು ಉಸಿರು ಬಿಡುತ್ತ ಮೈಯನ್ನೆಲ್ಲ ಕಾಲಿಗೆ ಹಾಕಿದಳು. ಗಾಡಿ ನಿಧಾನವಾಗಿ ಹಿಂದಕ್ಕೆ ಏರಿ ಠಕ್ಕೆಂದು ಕೂತಿತು.

ಮೋನಪ್ಪ ಕೈ ಬಿಟ್ಟ. ಗಾಡಿ ಅಲುಗಲಿಲ್ಲ.

“ಕೂತಿತು, ಸಾರ್,” ಎಂದ ಅವನು. ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕೌಸಲ್ಯಾ ಸೆರಗು ಸರಿಪಡಿಸಿಕೊಳ್ಳುತ್ತ ಮೇಲೆ ನೋಡಿದಳು.

ಸತ್ಯಮೂರ್ತಿ ಇನ್ನೂ ಸರಳು ಹಿಡಿದೇ ಇದ್ದ. ಕಣ್ಣು ಗಾಡಿಯ ಮೇಲಿತ್ತು. “ಹಿಂದಿನ ಚಕ್ರ ನೆಲ ಬಿಟ್ಟಿದೆಯಾ, ನೋಡು.”

ಅವಳು ಬಗ್ಗಿ ಅಂಗೈಯಿಂದ ಒಮ್ಮೆ ತಳ್ಳಿದಳು. ಚಕ್ರ ಟಿಕ್ಕಟಿಕ್ಕೆಂದು ತಿರುಗಿತು, ಕಡ್ಡಿಗಳ ಮೇಲಿದ್ದ ಮಳೆನೀರು ಅವಳ ಸೀರೆಗೆ ಸಿಡಿಯಿತು. ಅದು ನಿಲ್ಲುವವರೆಗೆ ಅವನು ನೋಡಿದ.

“ದಿನಾ ಒಂದ್ಸಲ ಹಾಗೇ ತಿರುಗಿಸಬೇಕು ಕಣೆ,” ಎಂದ. “ಇಲ್ದಿದ್ರೆ ತುಕ್ಕು ಹಿಡಿಯತ್ತೆ. ಮೋನಪ್ಪ, ಮೇಲೆ ಬಾ, ಈ ಮಂಚವನ್ನ ಕಿಟಕಿ ಹತ್ರ ಎಳೀಬೇಕು.”