ನಲವತ್ತಮೂರು ಸಹಿಗಳ ಮನವಿ

ನಂಜುಂಡಯ್ಯನವರ ಎಡಗಾಲಿನ ಹೆಬ್ಬೆರಳು ಇವತ್ತಿಗೂ ಅವರ ಕಾಲಿನಲ್ಲೇ ಇದೆ ಅಂದರೆ ಅದಕ್ಕೆ ಡಾಕ್ಟರ್ ರಕ್ಷಿತಾ ಕಾರಣ. ಸಕ್ಕರೆ ಕಾಯಿಲೆಯ ಕಾಲು ಅದು. ಗಾಯವಾದದ್ದು ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕೀವು. ದೊಡ್ಡಾಸ್ಪತ್ರೆಯವರು ಬೆರಳು ತೆಗೆದುಬಿಡೋಣ ಎಂದಿದ್ದರು. ಸ್ಯಾನ್ ಡಿಯಾಗೊ ಊರಿನ ರಾಂಚೊ ಬರ್ನಾರ್ಡೊ ಬಡಾವಣೆಯ ತನ್ನ ಸಣ್ಣ ಕ್ಲಿನಿಕ್ಕಿನಲ್ಲಿ ರಕ್ಷಿತಾ ನಾಲ್ಕು ತಿಂಗಳು, ವಾರಕ್ಕೆರಡು ಸಲ, ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಾಯ ಕೆರೆದು, ತೊಳೆದು, ಪಟ್ಟಿ ಕಟ್ಟಿ ಬೆರಳು ಉಳಿಸಿಕೊಟ್ಟಳು. ಮೊದಲ ದಿನ ನಂಜುಂಡಯ್ಯ ನಾಚಿಕೊಂಡು ಕಾಲು ಹಿಂದಕ್ಕೆಳೆದಿದ್ದರು. ಮನೆಯ ಹೆಣ್ಣುಮಗಳ ಹಾಗಿರುವವಳ ಮುಂದೆ ಕಾಲು ಚಾಚುವುದೆಂದರೆ!

"ಕಾಲ್ ಮುಟ್ಟೋದ ನನ್ನ ಕೆಲಸರೀ ಅಂಕಲ್. ಸುಮ್ಮ ಕೂಡ್ರಿ," ಎಂದು ಅವಳು ಗದರಿಸಿದ್ದಳು. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದು, ಇಲ್ಲೇ ಪಾದದ ವೈದ್ಯಕೀಯ ಓದಿದವಳು. ಆದರೂ ಬಾಯಿ ಬಿಟ್ಟರೆ ಧಾರವಾಡ.

ಅಂಥವಳ ಲೈಸೆನ್ಸಿನ ಮೇಲೆ ರಾಜ್ಯದ ವೈದ್ಯ ಮಂಡಳಿ ವಿಚಾರಣೆ ಶುರು ಮಾಡಿದೆ ಎಂಬ ಸುದ್ದಿ ಬಂದದ್ದು 2023ರ ಮೇ ತಿಂಗಳಲ್ಲಿ.

ಆದದ್ದಿಷ್ಟು. ಸ್ಯಾಂಟಾ ಕ್ಲಾರಿಟಾದ ಮಗನ ಮನೆಗೆ ಬಂದಿದ್ದ ಜಯಮ್ಮ ಎಂಬ ಹಿರಿಯರಿಗೆ ಕಾಲ್ಬೆರಳ ಸಂದಿಯಲ್ಲಿ ಕೀವಾಗಿತ್ತು. ಅವರನ್ನು ಮೂರು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಸ್ಯಾನ್ ಡಿಯಾಗೊ ಕಡೆಗೆ ಬರುವುದು ಯಾರಿಗೆ ಬೇಕು? ಸೊಸೆ ರಕ್ಷಿತಾಳಿಗೆ ಫೋನಿನಲ್ಲಿ ಫೋಟೊ ಕಳಿಸಿದಳು. ವಾರದ ಕೊನೆಗೆ ಲಾಸ್ ಏಂಜಲೀಸಿನಲ್ಲಿ ನಡೆದ ಯುಗಾದಿ ಊಟದಲ್ಲಿ ಸೊಸೆ ಸಿಕ್ಕಾಗ ರಕ್ಷಿತಾ ಬ್ಯಾಗಿನಿಂದ ಹದಿನಾಲ್ಕು ಆಂಟಿಬಯಾಟಿಕ್ ಮಾತ್ರೆಗಳ ಪೊಟ್ಟಣ ತೆಗೆದು ಕೈಗಿತ್ತಳು. ಮಾತ್ರೆ ಒಗ್ಗದೆ ಜಯಮ್ಮನ ಮೈಯೆಲ್ಲ ದದ್ದೆದ್ದು ಆಸ್ಪತ್ರೆ ಸೇರಬೇಕಾಯಿತು. ಎರಡು ದಿನದಲ್ಲಿ ಗುಣವಾಗಿ ಮನೆಗೂ ಬಂದರು. ಆದರೆ ಆಸ್ಪತ್ರೆಯವರು ಆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಸರಿಲ್ಲ, ಚೀಟಿಯಿಲ್ಲ. ದೂರು ಹೋಯಿತು. ಪಾದದ ವೈದ್ಯರು ತಾವೇ ಔಷಧ ಕೊಡಬಹುದು. ಆದರೆ ತಾವು ನೋಡಿದ ರೋಗಿಗೆ, ಪಾದದ ಕಾಯಿಲೆಗೆ, ಹೆಸರಿನ ಚೀಟಿ ಅಂಟಿಸಿ, ದಾಖಲೆ ಇಟ್ಟು ಕೊಡಬೇಕು. ನೋಡದವರಿಗೆ ಕೊಡುವಂತಿಲ್ಲ.

"ವಕೀಲ್ರು ನೋಡ್ಕೊಳ್ತಾರ್ರೀ. ನೀವ್ ಚಿಂತೀ ಮಾಡಬ್ಯಾಡ್ರಿ," ಎಂದಳು ರಕ್ಷಿತಾ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಚಿಂತೆ ಮಾಡಬೇಡಿ ಅಂದರೆ ಬಿಡುವ ಆಸಾಮಿಯೇ ನಂಜುಂಡಯ್ಯ? ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಫೈಲುಗಳ ಮಧ್ಯೆ ಕೂದಲು ಬೆಳ್ಳಗೆ ಮಾಡಿಕೊಂಡು, ನಿವೃತ್ತಿಯಾದ ಮೇಲೆ ಹೆಂಡತಿಯೊಂದಿಗೆ ಇಲ್ಲಿಗೆ ಬಂದು ನೆಲೆಸಿದವರು. ಸರ್ಕಾರ ಯಾವ ದೇಶದ್ದಾದರೇನು, ಅದು ಬಗ್ಗುವುದು ಒಂದಕ್ಕೇ, ಮನವಿಗೆ. ಊರಿನ ಒಳ್ಳೆಯ ಅಧಿಕಾರಿಯ ವರ್ಗಾವಣೆ ಮನವಿಯಿಂದ ನಿಂತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸಹಿ ಹೆಚ್ಚಿದಷ್ಟೂ ಫೈಲಿಗೆ ತೂಕ.

ಒಂದು ವಾರ ಫೋನಿಗೆ ಬಿಡುವಿರಲಿಲ್ಲ. ರೆಡೊಂಡೊ ಬೀಚಿನ ಪ್ರವೀಣ, ಪಕ್ಕದ ಬೀದಿಯ ವೈಶಾಲಿ, ಕನ್ನಡ ಸಂಘದ ಪರಿಚಯದವರು, ಪರಿಚಯದವರ ಪರಿಚಯದವರು. ಎಲ್ಲರಿಗೂ ಒಂದೇ ಸೂಚನೆ. "ಒಳ್ಳೆಯವರು, ಉಪಕಾರಿ ಅಂತ ಸುಮ್ಮನೆ ಗೀಚಿ ಕಳಿಸಬೇಡಿ ಕಣ್ರೀ. ಅದಕ್ಕೆ ಬೆಲೆ ಇರಲ್ಲ. ಏನು ಉಪಕಾರ ಮಾಡಿದರು, ಯಾವ ತಾರೀಖು, ಯಾವ ಔಷಧ ಕೊಟ್ಟರು, ಸ್ಪಷ್ಟವಾಗಿ ಬರೀರಿ. ಕೆಳಗೆ ಸಹಿ, ವಿಳಾಸ, ಫೋನ್ ನಂಬರ್."

ಜನ ಬರೆದರು, ಮನಸ್ಸು ಬಿಚ್ಚಿ ಬರೆದರು. ಕೊರೊನಾ ಕಾಲದಲ್ಲಿ ಬಾಗಿಲ ಹಿಡಿಗೆ ಮಾತ್ರೆ ನೇತುಹಾಕಿ ಹೋದದ್ದು, ಬೆಂಗಳೂರಿನಿಂದ ಬಂದ ಅತ್ತೆಗೆ ಅಪಾಯಿಂಟ್‌ಮೆಂಟೂ ಇಲ್ಲದೆ ಬೀರುವಿನಿಂದ ಔಷಧ ತೆಗೆದುಕೊಟ್ಟದ್ದು. ಪ್ರವೀಣನಂತೂ ತನ್ನ ತಾಯಿಯ ಕೆಮ್ಮಿಗೂ ಈ ಡಾಕ್ಟರಮ್ಮನೇ ಮಾತ್ರೆ ಕೊಟ್ಟರೆಂದು ಎರಡು ಪುಟ ತುಂಬಿಸಿದ. ಎಲ್ಲಕ್ಕೂ ಮೊದಲ ಪತ್ರ ನಂಜುಂಡಯ್ಯನವರದು. ಅದರಲ್ಲಿ ತಮ್ಮ ಹೆಬ್ಬೆರಳಿನ ಚರಿತ್ರೆಯ ಜೊತೆಗೆ, ಹೆಂಡತಿ ರಾಜೇಶ್ವರಿಯ ಗಂಟಲು ನೋವಿಗೆ ಡಾಕ್ಟರು ಮಾತ್ರೆ ಕಳಿಸಿದ ದಿನಾಂಕವನ್ನೂ ಡೈರಿ ನೋಡಿ ಬರೆದಿದ್ದರು.

"ಡಾಕ್ಟರನ್ನ ಒಂದು ಮಾತು ಕೇಳಬಾರದೇ?" ಎಂದರು ರಾಜೇಶ್ವರಿ.

"ಸನ್ಮಾನ ಮಾಡ್ತೀವಿ, ಶಾಲು ಯಾವ ಬಣ್ಣ ಇರಲಿ ಅಂತ ಯಾರಾದರೂ ಕೇಳ್ತಾರೇನೇ? ಆಮೇಲೆ ಗೊತ್ತಾಗಲಿ, ಖುಷಿ ಪಡಲಿ."

ನಲವತ್ತಮೂರು ಪತ್ರ. ಸುರುಳಿ ತಂತಿ ಹಾಕಿಸಿ ಪುಸ್ತಕ ಮಾಡಿ, ಪುಟಸಂಖ್ಯೆ ಕೊಟ್ಟು, ಮಂಡಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ತಲುಪಿದೆ ಎಂಬ ಹಸಿರು ಕಾರ್ಡು ವಾಪಸು ಬಂದ ದಿನ ಅದನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದರು. ಇಷ್ಟು ತೃಪ್ತಿ ಅವರಿಗೆ ನಿವೃತ್ತಿಯಾದ ಮೇಲೆ ಸಿಕ್ಕಿರಲಿಲ್ಲ.

ವಿಚಾರಣೆ ಲಾಸ್ ಏಂಜಲೀಸಿನಲ್ಲಿತ್ತು. ಜೊತೆಗೆ ಬಂದೇ ಬರುತ್ತೇನೆ ಎಂದು ಹಟ ಹಿಡಿದು ನಂಜುಂಡಯ್ಯ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ರಕ್ಷಿತಾಳ ಕಾರು ಹತ್ತಿದರು. ದಾರಿಯಲ್ಲಿ ಗುಟ್ಟು ಬಿಚ್ಚಿ ಅವಳ ಮುಖ ಅರಳುವುದನ್ನು ನೋಡಬೇಕಿತ್ತು ಅವರಿಗೆ. ಎಸ್ಕಾಂಡಿಡೊ ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ವಕೀಲ್ರು ಧೈರ್ಯ ಹೇಳ್ಯಾರ್ರೀ ಅಂಕಲ್. ಹನ್ನೆರಡು ವರ್ಷದಾಗ ಇದೊಂದ ತಪ್ಪು. ಒಮ್ಮಿ ಆಗಿದ್ದು ಅಂತ ಅವರಿಗೆ ಅನಿಸಿದ್ರ ಎಚ್ಚರಿಕೀ ಕೊಟ್ಟು ಬಿಡಬಹುದಂತ. ಆ 'ಒಮ್ಮಿ' ಅನ್ನೋದರ ಮ್ಯಾಲೇನ ಎಲ್ಲಾ ನಿಂತೈತ್ರಿ."

ನಂಜುಂಡಯ್ಯನವರ ನಾಲಿಗೆ ತುದಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಒಮ್ಮೆ. ಪುಟ ಒಂದು, ಪುಟ ಎರಡು, ಪ್ರವೀಣನ ತಾಯಿಯ ಕೆಮ್ಮು, ಎಲ್ಲ ಕಣ್ಣ ಮುಂದೆ ಬಂದವು. ಯಾವ ಪುಟದಲ್ಲಿ ಯಾವ ತಾರೀಖು ಎಂಬುದು ಕೂಡ ಅವರಿಗೆ ಬಾಯಿಪಾಠ. ಹೇಳದೆ ಇದ್ದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಗಲಿಲ್ಲ.

"ಅಮ್ಮಾ, ನಾನೊಂದು ಕೆಲಸ ಮಾಡಿದ್ದೀನಿ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು.

ರಕ್ಷಿತಾ ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟಿಳಿದು, ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದಳು.

"ಎಷ್ಟು ಮಂದಿ ಅಂಕಲ್?"

"ನಲವತ್ತಮೂರು."

"ತಾರೀಖು ಹಾಕ್ಯಾರೇನ್ರೀ?"

"ತಾರೀಖು, ಔಷಧದ ಹೆಸರು... ನಾನೇ ಬರೆಸಿದೆ. ವಾಪಸ್ ತಗೊಳ್ಳೋಕಾಗಲ್ವೇನಮ್ಮಾ? ನಾನೇ ಬರ್ತೀನಿ, ಮುದುಕ, ಬುದ್ಧಿಯಿಲ್ಲದೆ ಮಾಡಿದೆ ಅಂತ ಹೇಳ್ತೀನಿ."

"ಫೈಲಿಗೆ ಹೋಗಿದ್ದು ವಾಪಸ್ ಬರ್ತದೇನ್ರೀ ಅಂಕಲ್?"

ಬರುವುದಿಲ್ಲ. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಚೇರಿಯ ಕಟಕಟೆಯ ಆಚೆ ನಿಂತು ಕೈಮುಗಿದವರಿಗೆಲ್ಲ ಮೂವತ್ತನಾಲ್ಕು ವರ್ಷ ಅವರು ಹೇಳಿದ್ದು ಇದೇ ಮಾತು.

ಅವಳು ವಕೀಲರಿಗೆ ಫೋನ್ ಮಾಡಿದಳು. ಅವರಿಗೂ ಆ ಬೆಳಿಗ್ಗೆಯೇ ಮಂಡಳಿಯಿಂದ ಪುಸ್ತಕದ ಪ್ರತಿ ಬಂದಿತ್ತಂತೆ. ಫೋನಿಟ್ಟು ರಕ್ಷಿತಾ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತಳು. ಬೈದಿದ್ದರೆ, ಇಳಿದುಹೋಗಿ ಎಂದು ಕಿರುಚಿದ್ದರೆ ನಂಜುಂಡಯ್ಯನವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು, "ಸುಳ್ಳೇನ ಬರದಿಲ್ಲಲ್ರೀ ಯಾರೂ. ನಾ ಕೊಟ್ಟಿದ್ದು ಖರೇನ ಐತಿ," ಎಂದು ಕಾರು ಹೊರಡಿಸಿದಳು.

ವಿಚಾರಣೆಯ ಕೋಣೆಯೊಳಗೆ ಅವರನ್ನು ಬಿಡಲಿಲ್ಲ. ಹೊರಗಿನ ಕುರ್ಚಿಯಲ್ಲಿ ಕೂತಿದ್ದವರಿಗೆ, ಬಾಗಿಲು ತೆರೆದು ಮುಚ್ಚುವ ಮಧ್ಯೆ, ಮೇಜಿನ ಮೇಲಿದ್ದ ತಮ್ಮ ಪುಸ್ತಕ ಕಾಣಿಸಿತು. ಅದರ ಅಂಚಿನ ತುಂಬ ಹಳದಿ, ಗುಲಾಬಿ ಚೀಟಿಗಳನ್ನು ಅಂಟಿಸಿದ್ದರು. ಅಷ್ಟು ಶ್ರದ್ಧೆಯಿಂದ ಅವರ ಮನವಿಯನ್ನು ಜೀವಮಾನದಲ್ಲಿ ಯಾರೂ ಓದಿರಲಿಲ್ಲ.

ಅಕ್ಟೋಬರಿನಲ್ಲಿ ಆದೇಶ ಬಂತು. ಲೈಸೆನ್ಸು ಒಂದು ವರ್ಷ ಅಮಾನತು, ಆಮೇಲೆ ಐದು ವರ್ಷ ನಿಗಾ. ಒಂದು ವರ್ಷ ಬಾಗಿಲು ಹಾಕಿದರೆ ಉಳಿಯುವಂಥ ಕ್ಲಿನಿಕ್ ಅದಾಗಿರಲಿಲ್ಲ. ಪತ್ರ ಬರೆದವರೆಲ್ಲ "ಅಯ್ಯೋ, ಅಷ್ಟೊಂದು ಪತ್ರ ಬರೆದರೂ ಕರುಣೆಯಿಲ್ಲವಲ್ಲ ಆ ಜನಕ್ಕೆ," ಎಂದು ನಂಜುಂಡಯ್ಯನವರಿಗೇ ಫೋನ್ ಮಾಡಿ ಮರುಗಿದರು. ಅವರು ಹೂಂ ಎಂದರು.

ಕ್ಲಿನಿಕ್ ಖಾಲಿ ಮಾಡುವ ದಿನ ಗಂಡಹೆಂಡತಿ ಡಬ್ಬ ಕಟ್ಟಲು ಹೋದರು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರಿ, "ಇದೇನ್ರೀ ನಿಮ್ಮ ಸಾಕ್ಸು!" ಎಂದರು. ಎಡಗಾಲಿನ ಸಾಕ್ಸಿನ ತುದಿಯಲ್ಲಿ ಕಾಸಗಲ ರಕ್ತ. ನಂಜುಂಡಯ್ಯನವರಿಗೆ ನೋವೇ ಗೊತ್ತಾಗಿರಲಿಲ್ಲ.

ರಕ್ಷಿತಾ ಕೈಲಿದ್ದ ಡಬ್ಬ ಕೆಳಗಿಟ್ಟು ಬಂದು ಅವರನ್ನು ಕೂರಿಸಿ, ಮುಂದೆ ಮಂಡಿಯೂರಿ, ಶೂ ಬಿಚ್ಚಿದಳು. ಸಾಕ್ಸು ಎಳೆದಳು. ಹಳೆಯ ಜಾಗದಲ್ಲೇ ಬಾಯಿ ಬಿಟ್ಟ ಗಾಯ. ಅವಳ ಕೈ ಪಕ್ಕದ ಡಬ್ಬದಲ್ಲಿದ್ದ ಹತ್ತಿಯ ಕಡೆಗೆ ಹೋಯಿತು. ಅಲ್ಲೇ ನಿಂತಿತು.

ಅವಳು ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ನಾ ಮುಟ್ಟೂ ಹಂಗಿಲ್ರೀ ಅಂಕಲ್," ಎಂದಳು. "ಆಂಟಿ, ಇವರನ್ನ ಈಗಿಂದೀಗ ಆಸ್ಪತ್ರೀಗೆ ಕರ್ಕೊಂಡು ಹೋಗ್ರಿ. ನಾಳೆ ಅನಬ್ಯಾಡ್ರಿ."

ನಂಜುಂಡಯ್ಯ ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬೇಕೆಂದು ಅವರಿಗೆ ತೋಚಲೇ ಇಲ್ಲ.